ಹಾಲು ಬಿಟ್ಟವರ ನಡುವೆ ನಾಲಿಗೆ ಸಾಹೇಬರು

ಡೇರಿಯಲ್ಲಿ ಅವರ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಅದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಎಲ್ಲರೂ ಅವರನ್ನು ನಾಲಿಗೆ ಸಾಹೇಬರು ಎಂದೇ ಕರೆಯುತ್ತಿದ್ದರು. ಕೆಲಸವೇನೋ ಸರಳವೇ. ಬೆಳಗಾಗುತ್ತಲೇ ಹಾಲಿನ ಟ್ಯಾಂಕರುಗಳು ಬಂದು ಸಾಲುಗಟ್ಟುತ್ತಿದ್ದವು. ಒಂದೊಂದರ ಹಾಲನ್ನೂ ಪುಟ್ಟ ಲೋಟದಲ್ಲಿ ಬೆಚ್ಚಗೆ ಮಾಡಿ ಇವರ ಮುಂದೆ ಇಡುತ್ತಿದ್ದರು. ಇವರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಸುರ್ರೆಂದು ಗಾಳಿ ಎಳೆದು, ನಾಲಿಗೆಯ ತುಂಬ ಹೊರಳಾಡಿಸಿ, ಮೂಗಿನಿಂದ ಉಸಿರು ಬಿಟ್ಟು, ಪಕ್ಕದ ತೊಟ್ಟಿಗೆ ಉಗಿದು, 'ಹೂಂ' ಅಥವಾ 'ಊಹೂಂ' ಅನ್ನಬೇಕು. ಊಹೂಂ ಅಂದರೆ ಅಷ್ಟು ದೊಡ್ಡ ಟ್ಯಾಂಕರು ಬಾಲ ಮುದುರಿಕೊಂಡು ಹಿಂದಿರುಗಬೇಕು. ಹಸು ಏನು ಮೇಯ್ದಿದೆ, ಕ್ಯಾನು ಸರಿಯಾಗಿ ತೊಳೆದಿದ್ದಾರೋ ಇಲ್ಲವೋ, ಡ್ರೈವರು ದಾರಿಯಲ್ಲಿ ಎಲ್ಲೆಲ್ಲಿ ನಿಂತು ಹರಟೆ ಹೊಡೆದ ಎಂಬುದೆಲ್ಲ ಆ ನಾಲಿಗೆಗೆ ತಿಳಿಯುತ್ತದೆ ಎಂಬ ಪ್ರತೀತಿ ಇತ್ತು. ಕೊನೆಯದು ಬರೀ ಬುರುಡೆ. ಆದರೆ ಸಾಹೇಬರು ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ತಾನಾಗಿ ಮನೆಬಾಗಿಲಿಗೆ ಬಂದ ಹೆಗ್ಗಳಿಕೆಯನ್ನು ಬೇಡವೆನ್ನುವ ಜಾಯಮಾನ ಅವರದಲ್ಲ.

ಇಂಥವರ ಹೆಂಡತಿ ಹಾಲು ಬಿಟ್ಟರು.

ಅವರು ಶಾಲೆಯಲ್ಲಿ ವ್ಯಾಯಾಮದ ಟೀಚರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ಬಾಯಲ್ಲಿ ಅಪ್ಪಣೆ. ಸಾಹೇಬರ ನಿವೃತ್ತಿಗೆ ಸ್ವಲ್ಪ ಮುಂಚೆ ಡೇರಿಯವರು ನೌಕರರ ಮನೆಮಂದಿಯನ್ನೆಲ್ಲ ಕರೆದು ತಮ್ಮ ಕೊಟ್ಟಿಗೆ ತೋರಿಸಿದರು. ಕರುಗಳದ್ದು ಒಂದು ಕಡೆ, ತಾಯಿಗಳದ್ದು ಇನ್ನೊಂದು ಕಡೆ, ನಡುವೆ ಒಂದು ಗೋಡೆ. ಗೋಡೆಯ ಆಚೆಯಿಂದ ಒಂದು ಕೂಗು, ಈಚೆಯಿಂದ ಒಂದು ಕೂಗು. ಬಂದವರೆಲ್ಲ ಐಸ್‌ಕ್ರೀಮು ಹಂಚುವ ಕಡೆಗೆ ದೌಡಾಯಿಸಿದರು. ಟೀಚರಮ್ಮ ಮಾತ್ರ ಆ ಗೋಡೆಯ ಹತ್ತಿರವೇ ನಿಂತುಬಿಟ್ಟರು. ಮನೆಗೆ ಬಂದು, "ನಾಳೆಯಿಂದ ನನಗೆ ಹಾಲು ಬೇಡ" ಅಂದರು. ವಾರದ ಹುಚ್ಚು, ತಾನಾಗಿ ಇಳಿಯುತ್ತದೆ ಎಂದುಕೊಂಡರು ಸಾಹೇಬರು. ಹಾಲಿನ ಹಿಂದೆ ಮೊಸರು ಹೋಯಿತು, ಬೆಣ್ಣೆ ಹೋಯಿತು, ಜೇನುತುಪ್ಪ ಹೋಯಿತು. ಆಮೇಲೆ ಉಣ್ಣೆಯ ಶಾಲು, ರೇಷ್ಮೆಯ ಬಟ್ಟೆ, ಚರ್ಮದ ಚಪ್ಪಲಿ ಒಂದೊಂದಾಗಿ ಮನೆ ಬಿಟ್ಟವು. ಮುಂದಿನ ಸರದಿ ತನ್ನದೇ ಇರಬೇಕೆಂದು ಸಾಹೇಬರಿಗೆ ಒಳಗೊಳಗೇ ದಿಗಿಲಾಯಿತು.

ಹಾಗೇನೂ ಆಗಲಿಲ್ಲ. ಟೀಚರಮ್ಮ ಒಂದೇ ಮಾತಿನಲ್ಲಿ ಒಪ್ಪಂದ ಮುಗಿಸಿದರು. "ನೀವು ಏನಾದ್ರೂ ತಿನ್ಕೊಳ್ಳಿ, ನಿಮ್ಮ ಬಾಯಿ ನಿಮ್ಮದು. ಆದ್ರೆ ನನ್ನ ಬಾಯಿಗೆ ಹೋಗೋದನ್ನ ನೀವು ನೋಡಿ ಹೇಳ್ಬೇಕು. ಅಂಗಡಿಯೋರು ಏನೇನೋ ಬೆರೆಸಿರ್ತಾರೆ. ನನಗೆ ಗೊತ್ತಾಗಲ್ಲ, ನಿಮಗೆ ಗೊತ್ತಾಗತ್ತೆ."

ಅಂದಿನಿಂದ ಮನೆಗೆ ಬಂದ ಬ್ರೆಡ್ಡು, ಬಿಸ್ಕತ್ತು, ಸೂಪು ಎಲ್ಲವೂ ಮೊದಲು ಸಾಹೇಬರ ನಾಲಿಗೆಯ ಮೇಲೆ ಹಾಜರಿ ಹಾಕಬೇಕಿತ್ತು. ಅವರು ಹೂಂ ಅಂದರೆ ಟೀಚರಮ್ಮ ಮರುಮಾತಿಲ್ಲದೆ ತಿನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಬೇರೆ ಗಂಡಸರು ಪೇಪರು ಮಡಿಸುತ್ತ ಕೂತಿದ್ದಾಗ ಇವರಿಗೆ ಮನೆಯಲ್ಲೇ ಹಳೆಯ ಹುದ್ದೆ ಸಿಕ್ಕಿತ್ತು. ಬಾಯಲ್ಲಿ ಎಷ್ಟೇ ಗೊಣಗಿದರೂ ಈ ಹುದ್ದೆಯ ಮೇಲೆ ಅವರಿಗೆ ಪ್ರಾಣ.

ತೊಂದರೆ ಬಂದದ್ದು ಚಳಿಯಿಂದ. ಅವರ ಊರಿನ ಚಳಿ ಗೋಡೆಯೊಳಗೇ ಸೇರಿಕೊಳ್ಳುವಂಥದ್ದು. ಟೀಚರಮ್ಮನ ಎದೆ ವರ್ಷವರ್ಷಕ್ಕೂ ಬಿಗಿಯುತ್ತ ಬಂತು. ಇಡೀ ಜೀವಮಾನ ಮಕ್ಕಳ ಮೇಲೆ ಊದಿದ ಸೀಟಿಯೇ ಈಗ ಅವರ ಎದೆಯೊಳಗೆ ಊದತೊಡಗಿತು. ಉಣ್ಣೆ ಹೊದೆಯುವಂತಿಲ್ಲ, ಹತ್ತಿಯ ಮೇಲೆ ಹತ್ತಿ ಹಾಕಿಕೊಂಡು ಎಲೆಕೋಸಿನಂತೆ ಕೂತಿರುತ್ತಿದ್ದರು. ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದ್ದರು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಸಾಹೇಬರು ಮೊದಲ ಸಲ ದೇವರ ಹತ್ತಿರ ಚೌಕಾಸಿ ಮಾಡದೆ ಬೇಡಿಕೊಂಡರು. ಡಾಕ್ಟರು ಮನೆಗೆ ಕಳಿಸುವಾಗ, "ಇನ್ನೊಂದು ಚಳಿಗಾಲ ಇಲ್ಲಿ ಬೇಡ. ಎಲ್ಲಾದ್ರೂ ಬೆಚ್ಚಗಿರೋ ಕಡೆ ಕರ್ಕೊಂಡು ಹೋಗಿ. ನಾನು ಹೆದರಿಸ್ತಾ ಇಲ್ಲ" ಎಂದು ಹೆದರಿಸಿಯೇ ಕಳಿಸಿದರು.

ಬೆಚ್ಚಗಿರುವ ಕಡೆ ಮಗಳ ಮನೆಯಿತ್ತು. ಆದರೆ ಆ ಮನೆಯಲ್ಲಿ ಬೀಗತಿಯಿದ್ದರು. ಹಾಲು ಬೇಡವೆನ್ನುವುದು ಒಂದು ಕಾಯಿಲೆ, ಅದಕ್ಕೆ ಬೆಣ್ಣೆಯೇ ಔಷಧ ಎಂದು ನಂಬಿದ್ದ ಹೆಂಗಸು. ಹೋದ ದಿನವೇ ಸಾರಿನಲ್ಲಿ ಬೆಣ್ಣೆ ಕರಗಿಸಿ, "ಒಂದು ಚಮಚಕ್ಕೆ ಏನಾಗತ್ತೆ ಬಿಡಿ, ನಾಲಿಗೆಗೂ ಗೊತ್ತಾಗಲ್ಲ" ಅಂದರು. ಯಾವ ನಾಲಿಗೆಯ ಎದುರು ಆಡುತ್ತಿದ್ದೇನೆಂದು ಆಕೆಗೆ ಹೊಳೆಯಲಿಲ್ಲ. ಮೊದಲ ತುತ್ತಿಗೇ ಸಾಹೇಬರು ಊಹೂಂ ಅಂದರು. ಅಲ್ಲಿಗೆ ಆ ಮನೆಯ ಬಾಗಿಲು ಮುಚ್ಚಿತು. ಮಗಳು ತಲೆ ಚಚ್ಚಿಕೊಂಡು ಫೋನು ಹಿಡಿದು ಹುಡುಕಲು ಕೂತಳು.

"ಅಪ್ಪ, ಅಮ್ಮನ ಥರದೋರು ಗುಂಪಾಗಿ ಇರೋ ಜಾಗಗಳಿವೆ. ವೀಗನ್ ಅಂತಾರೆ ಅವರನ್ನ. ಚಳಿಗಾಲ ಪೂರ್ತಿ ಇರಬಹುದಂತೆ."

"ಗುಂಪಾಗಿ?" ಸಾಹೇಬರು ಹೌಹಾರಿದರು. ಒಬ್ಬರನ್ನು ಸಂಭಾಳಿಸುವುದರಲ್ಲೇ ಅವರಿಗೆ ಸಾಕೋಸಾಕಾಗಿತ್ತು.

ಮೊದಲು ಹೋದ ಕಡೆ ಜನ ಒಳ್ಳೆಯವರೇ, ಆದರೆ ಒಲೆಯನ್ನೇ ಬಹಿಷ್ಕರಿಸಿದ್ದರು. ಎಲ್ಲ ಹಸಿ. ಬೆಳಿಗ್ಗೆ ಹಸಿ ಕ್ಯಾರೆಟ್ಟು, ಮಧ್ಯಾಹ್ನ ಹಸಿ ಎಲೆ, ಸಂಜೆ ಬೆಳಿಗ್ಗೆಯದರ ನೆನಪು. ವಾರ ಕಳೆಯುವುದರೊಳಗೆ ಟೀಚರಮ್ಮನ ಎದೆ ಮತ್ತೆ ಸೀಟಿ ಹೊಡೆಯಿತು, ಗಂಟುಮೂಟೆ ಕಟ್ಟಿದರು. ಎರಡನೆಯ ಕಡೆ ಹುಡುಗ ಹುಡುಗಿಯರೇ ಹೆಚ್ಚು. ಒಳಗೆ ಬಿಡುವ ಮುಂಚೆ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. "ನೀವು ಕೊನೇ ಸಲ ಜೇನುತುಪ್ಪ ತಿಂದದ್ದು ಯಾವಾಗ?" ಎಂದು ಗಡ್ಡದ ಹುಡುಗನೊಬ್ಬ ಬಹಳ ಗಂಭೀರವಾಗಿ ಕೇಳಿದ. ಸಾಹೇಬರು ಅಷ್ಟೇ ಗಂಭೀರವಾಗಿ, "ಈಗ ಬಸ್ಸಲ್ಲಿ. ಬನ್ನಿನ ಜೊತೆ" ಅಂದರು. ಬಂದ ಬಸ್ಸಿನಲ್ಲೇ ವಾಪಸಾಗಬೇಕಾಯಿತು. ದಾರಿಯುದ್ದಕ್ಕೂ ಟೀಚರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ಆಗಲೇ ಊರಲ್ಲಿ ಬೆಳಗಿನ ಮಂಜು ಶುರುವಾಗಿತ್ತು.

ಮೂರನೆಯದು ಸಿಕ್ಕಿದ್ದು ಪುಣ್ಯ. ಅದೊಂದು ಮುಚ್ಚಿಹೋದ ನೂಲಿನ ಗಿರಣಿ. ಯಂತ್ರಗಳು ಎಂದೋ ಗುಜರಿ ಸೇರಿದ್ದವು. ಕಾರ್ಮಿಕರಿಗೆಂದು ಕಟ್ಟಿದ ಒಂದೇ ಅಳತೆಯ ಮನೆಗಳ ಸಾಲು ಉಳಿದಿತ್ತು. ಒಂದು ಕೋಣೆ, ಬಿಸಿಲು ಬರುವ ಒಂದು ಕಿಟಕಿ, ಬಾಗಿಲ ಪಕ್ಕ ಕೊಡೆ ನೇತುಹಾಕಲು ಒಂದು ಮೊಳೆ. ಹಳೆಯ ಕ್ಯಾಂಟೀನೇ ಈಗ ಎಲ್ಲರ ಅಡುಗೆಮನೆ. ಚಳಿಗಾಲ ಬಂತೆಂದರೆ ಹಾಲು ಬಿಟ್ಟವರು ಎಲ್ಲೆಲ್ಲಿಂದಲೋ ಬಂದು ಇಲ್ಲಿ ಸೇರುತ್ತಿದ್ದರು. ಬಿಸಿಲು ಏರಿದಾಗ ಚೆದುರುತ್ತಿದ್ದರು. ಇದನ್ನು ನಡೆಸುತ್ತಿದ್ದವರು ನಿವೃತ್ತ ಹಲ್ಲಿನ ಡಾಕ್ಟರೊಬ್ಬರು. ಯಾರು ಮಾತಾಡಿದರೂ ಅವರ ಕಣ್ಣು ನೋಡದೆ ಹಲ್ಲು ನೋಡುತ್ತಿದ್ದರು, ಹಾಗಾಗಿ ಅವರೆದುರು ಜನ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು.

"ಚರ್ಮ, ಉಣ್ಣೆ ಏನಿದ್ರೂ ಈ ಪೆಟ್ಟಿಗೆಗೆ ಹಾಕಿ. ಹೋಗುವಾಗ ತಗೊಳ್ಳಿ" ಅಂದರು ಡಾಕ್ಟರು. ಸಾಹೇಬರ ಬೆಲ್ಟು ಪೆಟ್ಟಿಗೆ ಸೇರಿತು. ಪ್ಯಾಂಟು ಕೆಳಗಿಳಿಯಲು ಹವಣಿಸಿತು. ಅವರು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಭಾಷಣಕ್ಕೆ ನಿಂತವರಂತೆ ನಿಂತಿದ್ದು ಕಂಡು ಟೀಚರಮ್ಮ ಚೀಲದಿಂದ ತಮ್ಮ ಸ್ಕಿಪ್ಪಿಂಗ್ ಹಗ್ಗ ತೆಗೆದು ಸೊಂಟಕ್ಕೆ ಬಿಗಿದರು. ಅದರ ಮರದ ಹಿಡಿಗಳು ಎರಡೂ ಕಡೆ ಜೋತಾಡುತ್ತಿದ್ದವು.

"ಜೇನುತುಪ್ಪ?" ಡಾಕ್ಟರು ಕೇಳಿದರು.

"ಬಿಟ್ಟಿದೀನಿ" ಅಂದರು ಸಾಹೇಬರು. ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟದ್ದು ಎಂದು ಹೇಳಲಿಲ್ಲ.

ಆ ಜಾಗದ ಹೆಸರುವಾಸಿ ಸಂಗತಿ ಎಂದರೆ ಚಹಾ. ಓಟ್ಸನ್ನು ನೆನೆಹಾಕಿ ರುಬ್ಬಿ ಸೋಸಿದ ಹಾಲಿನ ಚಹಾ. ಅದನ್ನು ಮಾಡುತ್ತಿದ್ದವರು ಅಡುಗೆ ಅಕ್ಕ. ಎಲ್ಲರಿಗಿಂತ ಮುಂಚೆ ಎದ್ದು, ಎಲ್ಲರ ನಂತರ ಉಣ್ಣುವ ಹೆಂಗಸು, ಕೈ ಯಾವಾಗಲೂ ಒದ್ದೆ. ಬೇರೆ ಕಡೆ ಓಟ್ಸಿನ ಚಹಾ ಒಡೆದು ನೀರು ಬೇರೆ ಹಿಟ್ಟು ಬೇರೆ ಆಗುತ್ತದೆ. ಇಲ್ಲಿಯದು ಮಾತ್ರ ಕೆನೆಕಟ್ಟಿದಂತೆ ಇರುತ್ತಿತ್ತು. "ಈ ಚಹಾಕ್ಕೋಸ್ಕರನೇ ನಾನು ಚಳಿಗಾಲ ಕಾಯ್ತೀನಿ" ಎನ್ನುವವರಿದ್ದರು.

ಬಂದ ಮೊದಲ ದಿನ ಸಾಹೇಬರು ಶಾಸ್ತ್ರೋಕ್ತವಾಗಿ ಬ್ರೆಡ್ಡು, ಸೂಪು, ಜ್ಯಾಮು ಎಲ್ಲ ನೋಡಿ ಹೂಂ ಅಂದರು. ಚಹಾ ಬಂದಾಗ ಮಾತ್ರ ಕೈ ಅಡ್ಡ ಮಾಡಿದರು. "ಓಟ್ಸಿಂದ ಬರೋದು ಗಂಜಿ. ಅದನ್ನ ಹಾಲು ಅಂತ ಕುಡಿಯೋಕೆ ನನ್ನ ಪಿಂಚಣಿ ಒಪ್ಪಲ್ಲ."

"ನೀವು ಕುಡೀಬೇಡಿ. ನಾನು ಕುಡೀಬಹುದಾ ಅಷ್ಟು ಹೇಳಿ."

"ಓಟ್ಸಲ್ಲಿ ಏನಿರತ್ತೆ, ಕುಡಿ" ಅಂದುಬಿಟ್ಟರು, ಲೋಟದ ಕಡೆ ತಿರುಗಿಯೂ ನೋಡದೆ. ಅಷ್ಟು ವರ್ಷದಲ್ಲಿ ಅವರು ರುಚಿ ನೋಡದೆ ಅಂದ ಹೂಂ ಅದೊಂದೇ. ಟೀಚರಮ್ಮ ಕುಡಿದರು. ಚೆನ್ನಾಗಿದೆ ಅಂದರು. ದಿನಾ ಕುಡಿದರು.

ಬಿಸಿಲಿಗೋ, ಜನಕ್ಕೋ, ಅಡುಗೆ ಅಕ್ಕನ ಕೈಗುಣಕ್ಕೋ ಟೀಚರಮ್ಮ ಚಿಗುರಿದರು. ಬಂದ ಹೊಸದರಲ್ಲಿ ಮೆಟ್ಟಿಲು ಹತ್ತಲು ನಡುವೆ ನಿಂತು ಗೋಡೆ ಹಿಡಿಯುತ್ತಿದ್ದವರು ತಿಂಗಳೊಳಗೆ ತಾರಸಿಯ ಮೇಲೆ ಎಲ್ಲರಿಗೂ ವ್ಯಾಯಾಮ ಹೇಳಿಕೊಡತೊಡಗಿದರು. ಎದೆಯೊಳಗಿನ ಸೀಟಿ ನಿಂತು ಕೊರಳಿನದು ಶುರುವಾಯಿತು. ಹಲ್ಲಿನ ಡಾಕ್ಟರನ್ನೂ ಬಿಡದೆ ಕೈ ಮೇಲೆತ್ತಿಸಿ, "ಬಾಯಿ ಮುಚ್ಚಿ, ಮೂಗಲ್ಲಿ ಉಸಿರು!" ಎಂದು ಗದರಿದರು. ಕೆಳಗೆ ಎಲೆ ಗುಡಿಸುತ್ತಿದ್ದ ಸಾಹೇಬರಿಗೆ ಆ ಗದರಿಕೆ ಸಂಗೀತದಂತೆ ಕೇಳಿಸುತ್ತಿತ್ತು. ಬದುಕಿದಳು ಎಂದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಟೀಚರಮ್ಮ ಲೋಟ ಹಿಡಿದುಕೊಂಡು ಎದುರಿಗೆ ಬಂದು ಕೂತರು. "ಎಷ್ಟು ದಿನ ಅಂತ ಆ ಕರೀ ಚಹಾ ಕಷಾಯ ಕುಡೀತೀರಿ? ಒಂದು ಗುಟುಕು. ನನಗೋಸ್ಕರ."

ಸಾಹೇಬರಿಗೆ ಅಂದು ಮನಸ್ಸು ಹಗುರವಾಗಿತ್ತು. ಲೋಟ ತೆಗೆದುಕೊಂಡು, ಹಳೆಯ ಅಭ್ಯಾಸದಂತೆ ಸುರ್ರೆಂದು ಗಾಳಿ ಎಳೆದು, ನಾಲಿಗೆಯ ತುಂಬ ಹೊರಳಾಡಿಸಿ, ಮೂಗಿನಿಂದ ಉಸಿರು ಬಿಟ್ಟರು. ಉಗಿಯಲಿಲ್ಲ. ಉಗಿಯಲು ಮನಸ್ಸಾಗಲಿಲ್ಲ. ಪರಸ್ಥಳದ ಸಂತೆಯಲ್ಲಿ ಹಳೆಯ ನೆಂಟನೊಬ್ಬ ಹೆಗಲ ಮೇಲೆ ಕೈ ಹಾಕಿದಂತಾಯಿತು. ಹಾಲು! ಓಟ್ಸಿನ ಹಿಂದೆ ಅವಿತು ಕೂತ ಅಪ್ಪಟ ಹಸುವಿನ ಹಾಲು. ಹಸಿ ಹಾಲಲ್ಲ, ಪುಡಿ. ಒಣಗಿಸುವಾಗ ಬಿಸಿ ಸ್ವಲ್ಪ ಹೆಚ್ಚಾಗಿದೆ. ಇದೆಲ್ಲ ಒಂದು ಗುಟುಕಿಗೆ ಗೊತ್ತಾಯಿತು. ಅವರ ಮುಖ ತನ್ನಷ್ಟಕ್ಕೆ ಅರಳಿತು, ಪಾಪಿ ಮುಖ.

"ನೋಡಿದ್ರಾ!" ಟೀಚರಮ್ಮ ಚಪ್ಪಾಳೆ ತಟ್ಟಿ ಇಡೀ ಕ್ಯಾಂಟೀನಿಗೆ ಕೇಳುವಂತೆ ಕೂಗಿದರು. "ನಮ್ಮೆಜಮಾನ್ರು ಒಪ್ಪಿದ್ರು! ಡೇರಿ ನಾಲಿಗೆ ಒಪ್ಪಿದೆ ಅಂದ್ರೆ ಸುಮ್ನೆ ಅಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ಹಲ್ಲಿನ ಡಾಕ್ಟರು ಬಂದು ಕೈ ಕುಲುಕಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆ ಅಕ್ಕ ಮಾತ್ರ ತಟ್ಟಲಿಲ್ಲ. ಸಾಹೇಬರ ಮುಖವನ್ನೇ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಸರಿದರು.

ಆಗಲೇ ಊಹೂಂ ಅನ್ನಬೇಕಿತ್ತು. ಅನ್ನಲಿಲ್ಲ. ಅಂದರೆ ಏನಾಗುತ್ತದೆಂದು ಸಾಹೇಬರಿಗೆ ಗೊತ್ತಿತ್ತು. ಹೆಂಡತಿ ಆ ಗಳಿಗೆಯೇ ಗಂಟು ಕಟ್ಟುತ್ತಾಳೆ. ಊರಲ್ಲಿ ಈಗ ಚಳಿ ನೆತ್ತಿಗೇರಿರುತ್ತದೆ. ಆಸ್ಪತ್ರೆಯ ಸ್ಟೂಲು ಕಣ್ಣಮುಂದೆ ಬಂತು. ಒಂದು ಚಮಚ ಪುಡಿಗಾಗಿ ಒಂದು ಜೀವವನ್ನು ಮತ್ತೆ ಅಲ್ಲಿಗೆ ಒಯ್ಯುವುದೇ? ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಬಂದಾಗ ನಾಡಿದ್ದು ಎಂದುಕೊಂಡರು. ಹೀಗೆ ಒಂದು ವಾರ ಉರುಳಿತು. ಈ ನಡುವೆ ಬೆಳಿಗ್ಗೆ ತಾವೇ ಹೋಗಿ ಹೆಂಡತಿಗೆ ಚಹಾ ತಂದುಕೊಡತೊಡಗಿದರು, ತಪ್ಪಿತಸ್ಥ ಗಂಡಂದಿರಿಗೆ ಇದ್ದಕ್ಕಿದ್ದಂತೆ ಉಕ್ಕುವ ಸೇವಾಭಾವದಿಂದ. ತಮಗೂ ಒಂದು ಲೋಟ ತರುತ್ತಿದ್ದರು. ನಿಜ ಹೇಳಬೇಕೆಂದರೆ ಎರಡು. ಮನಸ್ಸು ಚುಚ್ಚುತ್ತಿತ್ತು, ಚಹಾ ಮಾತ್ರ ಬಹಳ ಚೆನ್ನಾಗಿತ್ತು.

ವಾರದ ಕೊನೆಗೆ ಹೊಸದಾಗಿ ಬಂದ ದಂಪತಿಗೆ ಟೀಚರಮ್ಮ ಊಟದ ಮೇಜಿನಲ್ಲಿ ತಮ್ಮ ಕತೆ ಹೇಳುತ್ತಿದ್ದರು. ಆ ಕೊಟ್ಟಿಗೆಯ ಗೋಡೆಯ ಕತೆ. "ಅವತ್ತಿಂದ ಇವತ್ತಿನವರೆಗೆ ಒಂದು ಹನಿ ಮುಟ್ಟಿಲ್ಲ ನಾನು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲಮ್ಮ. ಇವರು ನೋಡಿ ಹೂಂ ಅಂತಾರೆ, ನಾನು ತಿಂತೀನಿ, ಅಷ್ಟೇ." ಹೀಗೆಂದು ಪಕ್ಕದಲ್ಲಿದ್ದ ಗಂಡನ ಬೆನ್ನು ತಟ್ಟಿದರು. ಸಾಹೇಬರ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತು. ಕೆಮ್ಮಿದರು. ಹೆಂಡತಿ ಇನ್ನೂ ಜೋರಾಗಿ ಬೆನ್ನು ತಟ್ಟಿದರು.

ಮಧ್ಯಾಹ್ನ ಅಡುಗೆಮನೆ ಖಾಲಿಯಾದಾಗ ಅವರು ಒಳಗೆ ಹೋದರು. ಅಡುಗೆ ಅಕ್ಕ ದೊಡ್ಡ ಪಾತ್ರೆಯೊಳಗೆ ಅರ್ಧ ದೇಹ ತೂರಿಸಿ ತಿಕ್ಕುತ್ತಿದ್ದರು.

"ಅಕ್ಕ, ಪುಡಿ ಎಲ್ಲಿಟ್ಟಿದೀರಿ?"

ತಿಕ್ಕುವ ಸದ್ದು ನಿಂತಿತು. ಆಕೆ ನಿಧಾನವಾಗಿ ಹೊರಬಂದು, ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತೇ ನಿಮ್ಮ ಮುಖ ನೋಡಿ ಗೊತ್ತಾಯ್ತು ನನಗೆ. ದಿನಾ ಕಾಯ್ತಿದ್ದೆ, ಇವತ್ತು ಹೇಳ್ತಾರೆ ಇವತ್ತು ಹೇಳ್ತಾರೆ ಅಂತ. ಹೋದ ಚಳಿಗಾಲ ಅಣ್ಣ... ಚಹಾ ಒಡೀತಿತ್ತು. ಎಲ್ಲಾರೂ ಮುಖ ಸಿಂಡರಿಸ್ಕೊಂಡು, ಆದ್ರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ನಂಗದೇ ಸಂಕಟ. ಯಾರೋ ಹೋಗೋವಾಗ ಈ ಡಬ್ಬ ಬಿಟ್ಟು ಹೋಗಿದ್ರು. ಒಂದು ದಿನ ಒಂದೇ ಒಂದು ಚಮಚ ಹಾಕಿದೆ. ಎಲ್ಲಾರೂ ಎರಡನೇ ಸಲ ಕೇಳಿ ಕುಡಿದ್ರು. ಇಷ್ಟು ವರ್ಷ ಅಡುಗೆ ಮಾಡಿದೀನಿ, ಯಾರೂ ಹಾಗೆ ಹೊಗಳಿರಲಿಲ್ಲ. ಆಮೇಲೆ ನಿಲ್ಸೋಕೆ ಆಗ್ಲೇ ಇಲ್ಲ, ಪುಡಿ ಮುಗಿದಾಗೆಲ್ಲ ನಾನೇ ತಂದು ತುಂಬಿಸ್ದೆ." ಕಣ್ಣಲ್ಲಿ ನೀರು ತುಂಬಿತು. "ಹೇಳ್ಬಿಡಿ ಅಣ್ಣ. ನಾನು ಹೊರಟು ಹೋಗ್ತೀನಿ."

ಬೈಯಲೆಂದು ಹೋಗಿದ್ದ ಸಾಹೇಬರು ಬೈಯದೆ ಹೊರಬಂದರು. ಹೊಗಳಿಕೆಯ ರುಚಿ ಹತ್ತಿದರೆ ಬಿಡುವುದು ಎಷ್ಟು ಕಷ್ಟವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ತಾರಸಿಯ ಮೇಲೆ ಟೀಚರಮ್ಮ ಒಗೆದ ಹಾಸಿಗೆ ಬಟ್ಟೆ ಹರವುತ್ತಿದ್ದರು. ಸಾಹೇಬರು ಇನ್ನೊಂದು ತುದಿ ಹಿಡಿದು ನಿಂತು, ಬಟ್ಟೆಯ ಮರೆಯಲ್ಲಿ ಮುಖ ಕಾಣದಂತೆ, ಎಲ್ಲವನ್ನೂ ಹೇಳಿದರು. ಆಮೇಲೆ ಹಾಸಿಗೆ ಬಟ್ಟೆ ಪಕ್ಕಕ್ಕೆ ಸರಿಯಿತು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಮೊದಲ್ನೇ ಗುಟುಕಿಗೇ."

"ಅಂದ್ರೆ ಹೋದ ವಾರ. ಹೋದ ವಾರದಿಂದ ದಿನಾ ನೀವೇ ಲೋಟ ತಂದು ನನ್ನ ಕೈಗೆ ಕೊಟ್ರಿ."

"ನಿನ್ನ ಎದೆ ನೋಡ್ಕೊಂಡು ಕಣೇ... ಇಲ್ಲಿ ಚೆನ್ನಾಗಿ ಉಸಿರಾಡ್ತಿದೀಯ. ಗೊತ್ತಾದ್ರೆ ಹೊರಟುಬಿಡ್ತೀಯ ಅಂತ..."

"ನನ್ನ ಉಸಿರೂ ನಂದೇ, ನನ್ನ ಮಾತೂ ನಂದೇ. ಅವೆರಡರಲ್ಲಿ ಯಾವುದು ಇಟ್ಕೋಬೇಕು ಅಂತ ನನ್ನ ಕೇಳ್ಬೇಕಿತ್ತು ನೀವು." ಅವರು ಕೂಗಲಿಲ್ಲ. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಬಲ್ಲ ಹೆಂಗಸು ಪಿಸುಗುಟ್ಟಿದಂತೆ ಹೇಳಿದ್ದು ಸಾಹೇಬರಿಗೆ ಸಹಿಸಲಾಗಲಿಲ್ಲ. "ಆ ಅಕ್ಕನ ಮೇಲೆ ನನಗೆ ಕೋಪ ಇಲ್ಲ. ಅವರನ್ನ ನಾನು ಯಾವತ್ತೂ ಕಾವಲಿಗೆ ಇಟ್ಟಿರಲಿಲ್ಲ."

ಗಂಟು ಕಟ್ಟುತ್ತಾರೆಂದು ಸಾಹೇಬರು ಕಾದರು. ಟೀಚರಮ್ಮ ನೆಟ್ಟಗೆ ಅಡುಗೆಮನೆಗೆ ಹೋದರು. ಸಂಜೆ ಎಲ್ಲರೂ ಚಹಾಕ್ಕೆ ಸೇರಿದಾಗ ಅಡುಗೆ ಅಕ್ಕನ ಕೈ ಹಿಡಿದು ಕರೆತಂದು ಮುಂದೆ ನಿಲ್ಲಿಸಿದರು. ಅಕ್ಕ ತಲೆ ತಗ್ಗಿಸಿ ತಾವೇ ಎಲ್ಲ ಹೇಳಿದರು.

ಆಗಿನ ಆ ದೃಶ್ಯ ನೋಡಬೇಕಿತ್ತು. ಲೋಟಗಳು ಅರ್ಧಕ್ಕೆ ನಿಂತವು. ಮೂರು ಮನೆ ಆಚೆ ಹಾಲು ಕಾಯಿಸಿದರೂ ತನಗೆ ತಲೆನೋವು ಬರುತ್ತದೆ ಎನ್ನುತ್ತಿದ್ದ ಒಬ್ಬಾಕೆ, ಆಗತಾನೆ ಎರಡನೆಯ ಲೋಟ ಮುಗಿಸಿದ್ದವರು, ತಡವಾಗಿಯಾದರೂ ಹಣೆ ಒತ್ತಿಕೊಂಡರು. ಒಬ್ಬರು ಬಾಯಿ ಮುಕ್ಕಳಿಸಲು ಓಡಿದರು. ಕೆಲವರು ನಿಜವಾಗಿಯೂ ಅತ್ತರು, ಅವರನ್ನು ನೋಡಿ ನಗುವಂತಿಲ್ಲ. ಹಲ್ಲಿನ ಡಾಕ್ಟರು ಎದ್ದು ನಿಂತು, ನಿಯಮವೆಂದರೆ ನಿಯಮ, ಅಕ್ಕ ಇಲ್ಲಿರುವುದು ಕಷ್ಟ ಎಂದು ಶುರುಮಾಡಿದರು.

ಟೀಚರಮ್ಮ ಸೀಟಿ ಊದಿದರು. ಡಾಕ್ಟರು ಅಭ್ಯಾಸಬಲದಿಂದ ಕೈ ಮೇಲೆತ್ತಿ, ನಾಚಿ ಇಳಿಸಿದರು.

"ಅಕ್ಕ ಮಾಡಿದ್ದು ತಪ್ಪು. ಅದನ್ನ ಅವರೇ ಹೇಳಿದ್ರು. ಆದ್ರೆ ಹಾಲಿಲ್ಲದ ಚಹಾ ಕೊಟ್ಟಾಗ ಮುಖ ಸಿಂಡರಿಸಿದೋರು ನಾವು, ಹಾಲು ಹಾಕಿದಾಗ ಹೊಗಳಿದೋರು ನಾವು. ಅಕ್ಕ ಹೋಗ್ಬೇಕು ಅಂದ್ರೆ ನಮ್ಮೆಜಮಾನ್ರೂ ಹೋಗ್ಬೇಕು. ಅವರಿಗೆ ಒಂದು ವಾರದಿಂದ ಗೊತ್ತಿತ್ತು." ಎಲ್ಲರ ತಲೆ ಸಾಹೇಬರ ಕಡೆ ತಿರುಗಿತು. ಸೊಂಟದ ಹಗ್ಗದ ಹಿಡಿ ಹಿಡಿದುಕೊಂಡು ಅವರು ಕೂತಲ್ಲೇ ಕುಗ್ಗಿದರು. "ಅವರು ಹೋದ್ರೆ ನಾನೂ ಹೊರಟೆ."

ಬಂದ ದಿನ ಆಕೆ ಮೆಟ್ಟಿಲ ಮೇಲೆ ಉಸಿರಿಗೆ ಒದ್ದಾಡಿದ್ದನ್ನು ಎಲ್ಲರೂ ಕಂಡಿದ್ದರು. ಕೊನೆಗೆ ಡಾಕ್ಟರು, "ಹಾಗಾದ್ರೆ ನಾಳೆಯಿಂದ ಹಾಲು ಯಾರು ನೋಡ್ಕೋತಾರೆ?" ಎಂದು ಕೇಳಿದರು.

"ಇವರೇ" ಅಂದರು ಟೀಚರಮ್ಮ, ಗಂಡನ ಕಡೆ ಬೆರಳು ತೋರಿಸಿ. "ಅಕ್ಕನ ಜೊತೆ ನಿಂತು ರುಬ್ಬಲಿ. ಆ ನಾಲಿಗೆ ಇನ್ಯಾವುದಕ್ಕೆ ಇರೋದು?"

ಹೀಗೆ ಜೀವನವಿಡೀ ಹಾಲನ್ನು ಬರೀ ನೋಡಿ ತೀರ್ಪು ಕೊಟ್ಟವರು ಹಾಲು ಮಾಡಲು ನಿಂತರು. ಓಟ್ಸು ಹೆಚ್ಚು ನೆನೆದರೆ ಅಂಟು, ಕಡಿಮೆ ನೆನೆದರೆ ತರಿ. ಮಿಕ್ಸಿ ಬಿಸಿಯಾದರೆ ಲೋಳೆ. ಮೊದಲ ದಿನದ ಚಹಾ ಸುಣ್ಣ ಕಲಸಿದ ನೀರಿನಂತಿತ್ತು. ಡಾಕ್ಟರು ಕುಡಿದು ತಮ್ಮದೇ ಹಲ್ಲು ಮುಟ್ಟಿ ನೋಡಿಕೊಂಡರು. ಆದರೆ ಈ ಸಲ ಯಾರೂ ಚೆನ್ನಾಗಿದೆ ಎಂದು ಸುಳ್ಳು ಹೇಳಲಿಲ್ಲ. "ಸಾಹೇಬ್ರೇ, ಹೊಲಸಾಗಿದೆ" ಎಂದು ಮುಖಕ್ಕೆ ಹೇಳಿ, ಲೋಟ ಖಾಲಿ ಮಾಡಿ ಹೋದರು. ಅಕ್ಕ ಮೊದಲ ಬಾರಿ ನಕ್ಕರು.

ಟೀಚರಮ್ಮ ಗಂಡನ ಜೊತೆ ಮಾತು ಬಿಟ್ಟಿರಲಿಲ್ಲ. ಕಿಟಕಿ ಹಾಕಿ, ಸೋಪು ಎಲ್ಲಿ, ಮಗಳು ಫೋನ್ ಮಾಡಿದ್ಲು ಎಲ್ಲ ಇತ್ತು. ಆದರೆ ಬಿಸ್ಕತ್ತಿನ ಪೊಟ್ಟಣ ಬಂದರೆ ಇವರ ಮುಂದೆ ಹಿಡಿಯುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ತಾವೇ ಕಷ್ಟಪಟ್ಟು ಓದುತ್ತಿದ್ದರು. ಪಕ್ಕದಲ್ಲೇ ನಾಲಿಗೆ ಇಟ್ಟುಕೊಂಡು ಕೂತ ಸಾಹೇಬರಿಗೆ ಕಣ್ಣೆದುರೇ ಕೆಲಸದಿಂದ ತೆಗೆದುಹಾಕಿದಂತಾಗುತ್ತಿತ್ತು. ಡೇರಿಯಿಂದ ಹಾರ ಹಾಕಿ ಕಳಿಸಿದ ದಿನ ಆಗದ ದುಃಖ ಈಗ ಆಯಿತು. ಹುದ್ದೆಗಾಗಿ ಅಲ್ಲ. ಅವಳು ತನ್ನನ್ನು ನಂಬುತ್ತಿದ್ದಳು, ಈಗ ನಂಬುವುದಿಲ್ಲ, ಅದಕ್ಕಾಗಿ.

ಬೆಳಿಗ್ಗೆ ಚಹಾಕ್ಕೆ ಬಂದಾಗಲೂ ಹಾಗೇ. ಸಾಹೇಬರು ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿರುತ್ತಿದ್ದರು. ಟೀಚರಮ್ಮ ಎದುರು ನಿಂತು, ಎಲ್ಲರ ಮುಂದೆ, ಶಾಲೆಯ ದನಿಯಲ್ಲಿ ಕೇಳುತ್ತಿದ್ದರು. "ಏನಿದೆ ಇದರಲ್ಲಿ?"

"ಓಟ್ಸು, ನೀರು, ಒಂದು ಚಿಟಿಕೆ ಉಪ್ಪು."

ಟೀಚರಮ್ಮ ಪಾತ್ರೆಯೊಳಗೊಮ್ಮೆ ನೋಡಿ, ಪಕ್ಕದ ಕೆಟಲಿನಿಂದ ಕರೀ ಚಹಾ ಬಗ್ಗಿಸಿಕೊಂಡು ಹೋಗುತ್ತಿದ್ದರು. ದಿನವೂ ಕೇಳುವರು, ದಿನವೂ ಇವರು ಪಾಠ ಒಪ್ಪಿಸುವರು, ದಿನವೂ ಕರೀ ಚಹಾ. ಸಾಲಿನಲ್ಲಿ ನಿಂತವರು ಮೊದಮೊದಲು ಮುಸಿಮುಸಿ ನಗುತ್ತಿದ್ದರು, ಆಮೇಲೆ ನಗುವುದು ಬಿಟ್ಟರು. ಹಾಲೇನೋ ದಿನದಿಂದ ದಿನಕ್ಕೆ ಸುಧಾರಿಸುತ್ತ ಬಂತು. ಒಡೆಯುವುದು ನಿಂತಿತು, ಲೋಳೆ ಹೋಯಿತು. ಡೇರಿಯ ಹಾಲಿನಂತೆ ಅದು ಎಂದೂ ಆಗಲಿಲ್ಲ, ಆಗುವುದೂ ಇಲ್ಲ ಎಂದು ಸಾಹೇಬರಿಗೆ ಖಾತ್ರಿಯಾಯಿತು. ಅದು ಓಟ್ಸಿನಂತೆ ಇತ್ತು. ಹಾಗಿರುವುದಕ್ಕೆ ಅದಕ್ಕೆ ನಾಚಿಕೆಯೂ ಇದ್ದಂತಿರಲಿಲ್ಲ.

ಚಳಿಗಾಲ ಹಿಂದೆ ಸರಿಯುತ್ತಿತ್ತು. ಕೆಲವರು ಪೆಟ್ಟಿಗೆಯಿಂದ ತಮ್ಮ ಬೂಟು ಬೆಲ್ಟು ಹುಡುಕಿಕೊಂಡು ಹೊರಡಲು ಶುರುಮಾಡಿದ್ದರು. ಅಂಥ ಒಂದು ಬೆಳಿಗ್ಗೆ ಟೀಚರಮ್ಮ ತಾರಸಿಯ ವ್ಯಾಯಾಮ ಮುಗಿಸಿ, ಹಣೆಯ ಬೆವರು ಒರೆಸಿಕೊಳ್ಳುತ್ತ, ಏದುಸಿರಿಲ್ಲದೆ ಮೆಟ್ಟಿಲಿಳಿದು ಬಂದರು. ಪಾತ್ರೆಯ ಮುಂದೆ ನಿಂತರು. ಸಾಹೇಬರು ಸೌಟು ಕೆಳಗಿಟ್ಟು ನೆಟ್ಟಗೆ ನಿಂತು ಪಾಠ ಶುರುಮಾಡಿದರು.

"ಓಟ್ಸು, ನೀರು..."

"ನಾನು ಕೇಳಿದ್ನಾ?" ಅಂದರು ಟೀಚರಮ್ಮ. ಖಾಲಿ ಲೋಟ ಮುಂದೆ ಹಿಡಿದಿದ್ದರು.

ಸಾಹೇಬರು ಅರ್ಧ ಲೋಟ ಚಹಾ ಹಾಕಿದರು. ಟೀಚರಮ್ಮ ಅಲ್ಲೇ ನಿಂತು, ಪಾತ್ರೆಯೊಳಗೆ ನೋಡದೆ, ಒಂದು ಗುಟುಕು ಕುಡಿದರು. ಮುಖ ಸಿಂಡರಿಸಿದರು. ಇನ್ನೊಂದು ಗುಟುಕು ಕುಡಿದರು.

"ಏನೂ ಚೆನ್ನಾಗಿಲ್ಲ" ಅಂದರು. "ಇನ್ನರ್ಧ ಲೋಟ ಹಾಕಿ."